ಮನೆಯಲ್ಲೇ ಉಜ್ಜಿದ ದರ್ಪಣದ ಅಂಚು ಕುಸಿದಿದೆಯೇ? ಹೀಗೆ ಪತ್ತೆ ಮಾಡಿ

ನೀವೇ ಕಟ್ಟಿದ ದೂರದರ್ಶಕದಲ್ಲಿ ಎಷ್ಟು ಫೋಕಸ್ ಮಾಡಿದರೂ ಗುರುಗ್ರಹದ ಪಟ್ಟಿಗಳು ಮಬ್ಬಾಗಿಯೇ ಕಾಣುತ್ತಿವೆಯೇ? ದರ್ಪಣವನ್ನು ಮತ್ತೆ ಉಜ್ಜಲು ಕೂರುವ ಮುನ್ನ ಅದರ ಅಂಚನ್ನು ಅನುಮಾನಿಸಿ.

ಪಾಲಿಷ್ ಮಾಡುವಾಗ ಹೊರ ಅಂಚು ತುಸು ಹೆಚ್ಚೇ ಸವೆದು ಕೆಳಗೆ ಬಾಗುವುದುಂಟು. ಬೆರಳಾಡಿಸಿದರೆ ಗೊತ್ತಾಗುವುದಿಲ್ಲ. ಆದರೆ ದರ್ಪಣದ ಮೈ 70 ನ್ಯಾನೊಮೀಟರ್‌ನಷ್ಟು ತಪ್ಪಿದರೂ ಪ್ರತಿಫಲಿಸಿದ ಬೆಳಕಿನಲ್ಲಿ ಆ ತಪ್ಪು ಇಮ್ಮಡಿಯಾಗುತ್ತದೆ. 150 ಮಿ.ಮೀ. ದರ್ಪಣದಲ್ಲಿ ಹೊರಗಿನ 5 ಮಿ.ಮೀ. ಪಟ್ಟಿಯೇ ಒಟ್ಟು ವಿಸ್ತೀರ್ಣದ ಶೇ 13ರಷ್ಟಿದೆ. ಅಷ್ಟು ಬೆಳಕು ದಾರಿ ತಪ್ಪಿ ಗ್ರಹದ ಸುತ್ತ ಮಂಜಿನಂತೆ ಹರಡಿದರೆ ಪಟ್ಟಿಗಳು ಮಾಸದೆ ಇನ್ನೇನಾದೀತು?

ಪರೀಕ್ಷೆಗೆ ನಕ್ಷತ್ರವೇ ಸಾಕು. ವಿಜಯಪುರದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 17 ಡಿಗ್ರಿಯಷ್ಟೇ ಮೇಲಿರುವುದರಿಂದ ಗಾಳಿಯ ಕದಲಿಕೆ ಕಾಡುತ್ತದೆ. ಜನವರಿ ನಡುವಿನಲ್ಲಿ ರಾತ್ರಿ 9ರ ಸುಮಾರಿಗೆ ನೆತ್ತಿಯ ಹತ್ತಿರ ಬರುವ ರೋಹಿಣಿ ಒಳ್ಳೆಯದು. ದೂರದರ್ಶಕವನ್ನು ಒಂದು ಗಂಟೆ ಮೊದಲೇ ಮಾಳಿಗೆಯ ಮೇಲಿಡಿ. ಗಾಜು ತಣಿಯುವಾಗ ಅಂಚು ಮೊದಲು ತಣ್ಣಗಾಗಿ, ಇಲ್ಲದ ದೋಷವೂ ಇದ್ದಂತೆ ಕಾಣುತ್ತದೆ.

ಹೆಚ್ಚು ವರ್ಧನೆಯ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿ ಅದನ್ನು ಫೋಕಸ್‌ನಿಂದ ಸ್ವಲ್ಪ ಒಳಗೆ, ಆಮೇಲೆ ಅಷ್ಟೇ ಹೊರಗೆ ಸರಿಸಿ. ಅಂಚು ಚೆನ್ನಾಗಿದ್ದರೆ ಎರಡೂ ಕಡೆ ಉಂಗುರಗಳು ಒಂದೇ ರೀತಿ ಇರುತ್ತವೆ. ಕುಸಿದಿದ್ದರೆ ಒಳಗಿನ ಬಿಂಬದ ಸುತ್ತ ಮಸುಕು ಕೂದಲು ಬೆಳೆದಂತೆ ಕಾಣುತ್ತದೆ, ಹೊರಗಿನದರಲ್ಲಿ ಹಾಗಿರುವುದಿಲ್ಲ.

ಈಗ 150 ಮಿ.ಮೀ. ದರ್ಪಣಕ್ಕಾದರೆ ಕಪ್ಪು ಡ್ರಾಯಿಂಗ್ ಶೀಟಿನಲ್ಲಿ 144 ಮಿ.ಮೀ. ರಂಧ್ರ ಕತ್ತರಿಸಿ ದರ್ಪಣದ ಮುಂದೆಯೇ ಕೂರಿಸಿ. ಆ ಕೂದಲು ಮಾಯವಾದರೆ ಕಳ್ಳ ಸಿಕ್ಕಂತೆ. ಹೋಗುವ ಬೆಳಕು ಶೇ 8ರಷ್ಟು ಮಾತ್ರ. ಗ್ರಹ ನೋಡುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ನನ್ನ ಮಟ್ಟಿಗೆ, ಮೊದಲ ದರ್ಪಣಕ್ಕೆ ಈ ಕಾಗದದ ಉಂಗುರವೇ ಸರಿಯಾದ ಮದ್ದು. ರಂಧ್ರದಿಂದ ಏನೂ ಬದಲಾಗದಿದ್ದರೆ ದರ್ಪಣಗಳ ಜೋಡಣೆಯನ್ನು ನೋಡಿ.

ಅಂಚನ್ನೇ ಸರಿಪಡಿಸುತ್ತೇನೆ ಎನ್ನುವವರು ಪಾಲಿಷ್ ಸಾಧನಕ್ಕೆ ಹಚ್ಚುವ ರಾಳದಂಥ ವಸ್ತುವಾದ ಪಿಚ್‌ನಿಂದ ಶುರು ಮಾಡಬೇಕು. ನಮ್ಮ ಏಪ್ರಿಲ್-ಮೇ ಸೆಕೆಗೆ ಪಿಚ್ ಮೆತ್ತಗಾಗುತ್ತದೆ. ಮೆತ್ತಗಿನ ಪಿಚ್, ಉಜ್ಜುವಾಗ ಉದ್ದನೆಯ ಎಳೆತ, ಅಂಚಿನ ಮೇಲೆ ಕೈಭಾರ, ಇವು ಮೂರೂ ಸೇರಿದರೆ ಅಂಚು ಉಳಿಯುವುದಿಲ್ಲ. ಬೆಳಗಿನ ತಂಪಿನಲ್ಲಿ ಕೂತು, ವ್ಯಾಸದ ಮೂರನೇ ಒಂದರಷ್ಟೇ ಎಳೆತದಲ್ಲಿ, ಅವಸರವಿಲ್ಲದೆ ಉಜ್ಜಿ. ಅದಕ್ಕೂ ಮುನ್ನ ಪಿಚ್ ಮೇಲೆ ಹೆಬ್ಬೆರಳಿನ ಉಗುರನ್ನು ಐದಾರು ಸೆಕೆಂಡು ಒತ್ತಿ: ಸಣ್ಣ ಗುರುತು ಬಿದ್ದರೆ ಹದ ಸರಿ. ಉಗುರು ಸಲೀಸಾಗಿ ಒಳಗಿಳಿದರೆ ಪಿಚ್ಚನ್ನು ಬಯಲಿನಲ್ಲಿ, ಸಣ್ಣ ಉರಿಯಲ್ಲಿ ಇನ್ನಷ್ಟು ಹೊತ್ತು ಕಾಯಿಸಿ ಗಟ್ಟಿ ಮಾಡಿಕೊಳ್ಳಿ.