ಇಸ್ತ್ರಿ ಬಟ್ಟೆಯ ಜೇಬಿಗೆ ಒಪ್ಪುವ ಪುಟ್ಟ ಚಾಕು: ನನ್ನ ಅನುಭವ

ತೋಟಕ್ಕೆ ಹೋಗುವಾಗ ನಮ್ಮ ಶಿರಸಿ ಕಡೆ ಯಾರಿಗೂ ಚಾಕುವಿನ ಚಿಂತೆ ಇಲ್ಲ. ಸೊಂಟಕ್ಕೆ ಕೊಕ್ಕೆ ಕಟ್ಟಿ ಕತ್ತಿ ಸಿಕ್ಕಿಸಿಕೊಂಡರೆ ಆಯಿತು. ಮದುವೆ, ಉಪನಯನ, ಸೊಸೈಟಿ ಮೀಟಿಂಗು, ಕಾರವಾರದ ಕಚೇರಿ ಕೆಲಸ ಅಂತ ಹೊರಟಾಗ ಮಾತ್ರ ಜೇಬು ಖಾಲಿ. ಆದರೆ ಚಾಕುವಿನ ಕೆಲಸ ಅಲ್ಲೂ ತಪ್ಪುವುದಿಲ್ಲ. ಹೂವಿನ ದಂಡೆಯ ದಾರ ಕತ್ತರಿಸಬೇಕು, ಸುತಳಿ ಬಿಚ್ಚಲು ಬಾರದಿದ್ದರೆ ಕೊಯ್ಯಬೇಕು, ಮಕ್ಕಳಿಗೆ ಹಣ್ಣು ಹೆಚ್ಚಿ ಕೊಡಬೇಕು. ಇದಕ್ಕೆಂದೇ ಒಂದು ಚಿಕ್ಕ, ಚೆಂದದ ಮಡಚುವ ಚಾಕು ಹುಡುಕಿ ಇಟ್ಟುಕೊಂಡೆ.

ನಾನು ಮೊದಲು ನೋಡಿದ್ದು ಅಲಗನ್ನಲ್ಲ, ಜೇಬನ್ನು. ತೆಳು ಹತ್ತಿ ಅಂಗಿಯ ಜೇಬಿನಲ್ಲಿ ಭಾರದ ಚಾಕು ಇಟ್ಟರೆ ಅಂಗಿಯೇ ಒಂದು ಬದಿಗೆ ಜೋತುಬೀಳುತ್ತದೆ. ಮಡಚಿದಾಗ 8-9 ಸೆಂ.ಮೀ. ಉದ್ದ, ಸುಮಾರು ಒಂದು ಸೆಂ.ಮೀ. ದಪ್ಪ, 50 ಗ್ರಾಂ ಒಳಗಿನ ತೂಕ: ಇಷ್ಟಿದ್ದರೆ ಅದು ಇದೆ ಅನ್ನುವುದೇ ಮರೆತುಹೋಗುತ್ತದೆ. ಅಲಗು 6 ಸೆಂ.ಮೀ. ಆಸುಪಾಸು ಇದ್ದರೆ ಧಾರಾಳ ಸಾಕು. ಜೇಬಿನ ಹೊರಗೆ ಸಿಕ್ಕಿಸುವ ಕ್ಲಿಪ್ಪು ಬೇಡವೇ ಬೇಡ. ಬಟ್ಟೆಯ ಅಂಚು ಸವೆಯುತ್ತದೆ, ಕಂಡವರ ಕಣ್ಣೂ ಅಲ್ಲೇ ಹೋಗುತ್ತದೆ.

ನೋಡುವವರ ವಿಷಯ ಸಣ್ಣದಲ್ಲ. ಹತ್ತು ಜನ ಕೂತಲ್ಲಿ ಒಂದೇ ಕೈಯಲ್ಲಿ ಚಟ್ಟನೆ ಬಿಚ್ಚುವ ಕಪ್ಪು ಚಾಕು ತೆಗೆದರೆ ಪಕ್ಕದವರು ಬೆಚ್ಚುತ್ತಾರೆ. ಅಲಗಿನ ಮೇಲಿನ ಗೀರಿಗೆ ಉಗುರು ಹಾಕಿ, ಎರಡೂ ಕೈಯಲ್ಲಿ ನಿಧಾನಕ್ಕೆ ಬಿಡಿಸುವ ಚಾಕು ಯಾರನ್ನೂ ಹೆದರಿಸುವುದಿಲ್ಲ. ಹಾಗಾಗಿ ನಾನು ಲಾಕ್ ಇಲ್ಲದ, ಬೆನ್ನಿನ ಸ್ಪ್ರಿಂಗಿನ ಬಲದಲ್ಲೇ ನಿಲ್ಲುವ ಹಳೆಯ ಮಾದರಿಗೇ ಮನಸ್ಸು ಮಾಡಿದೆ. ಅದರಲ್ಲಿ ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಅಲಗಿನ ಬುಡದ ಚಪ್ಪಟೆ ಭಾಗವನ್ನು ಅದು ಒತ್ತಿ ಹಿಡಿದಿರುತ್ತದೆ. ಅಷ್ಟೇ ಯಂತ್ರ. ಕೊಯ್ಯಲು ಬೇಕಾದಷ್ಟು ಗಟ್ಟಿ ನಿಲ್ಲುತ್ತದೆ. ಆದರೆ ಚುಚ್ಚಲು, ಮೀಟಲು ಹೋದರೆ ಬೆರಳಿನ ಮೇಲೆ ಮಡಚಿಕೊಂಡೀತು. ಆ ಕೆಲಸಕ್ಕೆ ಇದನ್ನು ತೆಗೆಯಲೇಬಾರದು.

ಇಂಥ ಚಾಕುವನ್ನು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕು. ನಾನು ನೋಡುವುದು ಹೀಗೆ. ಅಲಗನ್ನು ಪೂರ್ತಿ ಬಿಡಿಸಿ, ತುದಿ ಹಿಡಿದು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲ್ಲಾಡಿಸುತ್ತೇನೆ. ಬುಡದಲ್ಲಿ ಕಟಕಟ ಅಂದರೆ ವಾಪಸ್ಸು ಕೊಡುತ್ತೇನೆ. ಆಮೇಲೆ ನಿಧಾನಕ್ಕೆ ಮಡಚುತ್ತೇನೆ. ಒಳ್ಳೆಯ ಚಾಕು ಮೊದಲು ಬಿಗಿಯಾಗಿ ತಡೆಯುತ್ತದೆ, ಅರ್ಧ ದಾಟಿದ ಮೇಲೆ ತಾನೇ ಒಳಗೆ ಎಳೆದುಕೊಂಡು ಟಕ್ ಅಂತ ಕೂರುತ್ತದೆ. ಕೆಲವು ಅರ್ಧದಲ್ಲೇ, ಅಲಗು ಹಿಡಿಗೆ ಲಂಬವಾದಾಗ, ಒಮ್ಮೆ ನಿಲ್ಲುತ್ತವೆ. ಬೆರಳು ಹಿಂದೆ ತೆಗೆಯಲು ಅದರಿಂದ ಒಳ್ಳೆಯ ಅವಕಾಶ. ಮಡಚಿದ ಚಾಕುವನ್ನು ಬೆಳಕಿಗೆ ಹಿಡಿದರೆ ಅಲಗು ಸೀಳಿನ ನಟ್ಟನಡುವೆ ಕಾಣಬೇಕು. ಒಂದು ಬದಿಗೆ ತಾಗಿದ್ದರೆ ದಿನಾ ಉಜ್ಜಿ ಗೀರು ಬೀಳುತ್ತದೆ. ಕೊನೆಗೆ ಉಗುರು. ಉಗುರು ಮುರಿಯುವಷ್ಟು ಬಿಗಿ ಇದ್ದರೆ ಮನೆಯಲ್ಲಿ ವಯಸ್ಸಾದವರ ಕೈಗೆ ಅದು ಉಪಯೋಗಕ್ಕೆ ಬರುವುದಿಲ್ಲ, ಅಲ್ವಾ?

ಉಕ್ಕಿನ ವಿಷಯದಲ್ಲಿ ನಮ್ಮ ಜಿಲ್ಲೆಗೆ ಅದರದ್ದೇ ಲೆಕ್ಕ. ಕಾರ್ಬನ್ ಸ್ಟೀಲಿನ ಅಲಗು ಬೇಗ ಹರಿತವಾಗುತ್ತದೆ, ನನಗೂ ಅದರ ಮೇಲೆ ಪ್ರೀತಿ. ಆದರೆ ಹಸಿ ಅಡಿಕೆಯನ್ನು ಅದರಲ್ಲಿ ಕೊಯ್ದು ನೋಡಿ. ಒರೆಸುವುದು ತಡವಾದರೆ ಅಲಗು ಕಪ್ಪು, ಅಡಿಕೆಯ ಕೊಯ್ದ ಮೈಯೂ ಕಪ್ಪು. ಅಡಿಕೆ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದ ಅಂಶ ಸೇರಿಸಿ ಹಿಂದೆ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ತೋಟದ ಕತ್ತಿಗೆ ಅದು ಶೋಭೆಯೇ. ಬಿಳಿ ಪಂಚೆ ಉಟ್ಟು ನೆಂಟರ ಮಗುವಿಗೆ ಮಾವಿನಹಣ್ಣು ಹೆಚ್ಚಿ ಕೊಡುವಾಗ ಬೇಡ. ಅದರ ಮೇಲೆ ಘಟ್ಟದ ಮೇಲಿನ ಮಳೆಗಾಲ, ಘಟ್ಟದ ಕೆಳಗಿನ ಉಪ್ಪುಗಾಳಿ. ಹಾಗಾಗಿ ಸ್ಟೇನ್‌ಲೆಸ್ಸೇ ಸರಿ. 10.5 ಶೇಕಡಾಕ್ಕಿಂತ ಜಾಸ್ತಿ ಕ್ರೋಮಿಯಂ ಇದ್ದರೆ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿ ತುಕ್ಕು ತಡೆಯುತ್ತದೆ. ಉಪ್ಪು ಆ ಪೊರೆಯನ್ನೂ ಕೊರೆಯಬಲ್ಲದು. ಅದಕ್ಕೇ ಕಾರವಾರಕ್ಕೋ ಅಂಕೋಲೆಗೋ ಹೋಗಿ ಬಂದ ದಿನ ಸಿಹಿನೀರಲ್ಲಿ ತೊಳೆದು, ಒರೆಸಿ, ಬಿಡಿಸಿಯೇ ಒಣಗಲು ಇಡುತ್ತೇನೆ.

ಹಿಡಿ ನೋಡಲು ಮರದ್ದೇ ಚೆಂದ. ಆದರೆ ಹಗುರ ಜಾತಿಯ ಮರ ನಮ್ಮ ಆಷಾಢದಲ್ಲಿ ನೀರು ಕುಡಿದು ಊದುತ್ತದೆ, ಅಲಗು ಸೀಳಿನಲ್ಲಿ ಸಿಕ್ಕಿಕೊಂಡು ಹೊರಗೆ ಬರಲು ಹಟ ಮಾಡುತ್ತದೆ. ಮರವೇ ಬೇಕೆನ್ನುವವರು ಬೀಟೆಯಂಥ ಗಟ್ಟಿ ಮರದ್ದು ನೋಡಿ. ಕಡವೆ ಕೊಂಬಿನ ಹಿಡಿ ಅಂತ ಯಾರಾದರೂ ಕಡಿಮೆ ಬೆಲೆಗೆ ಕೊಡಲು ಬಂದರೆ ಮುಟ್ಟಬೇಡಿ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬಾದರೂ 1972ರ ವನ್ಯಜೀವಿ ಕಾಯ್ದೆ ಅದನ್ನು ಬಿಡುವುದಿಲ್ಲ. ಬೆನ್ನಿನ ಮೇಲೆ ಪುಟ್ಟ ಜೇನುನೊಣ ಕೆತ್ತಿದ ಫ್ರಾನ್ಸಿನ ಲಗಿಯೋಲ್ ಮಾದರಿ ಬಹಳ ಸೊಗಸು. ಆದರೆ ಆ ಹೆಸರು ಒಬ್ಬರ ಸ್ವತ್ತಲ್ಲ, ಅಗ್ಗದ ಅನುಕರಣೆಗಳ ಮೇಲೂ ಇರುತ್ತದೆ. ಹೆಸರು ನಂಬಿ ದುಡ್ಡು ಕೊಡಬೇಡಿ, ಮೇಲೆ ಹೇಳಿದಂತೆ ಕೈಯಲ್ಲಿ ನೋಡಿ.

ಇದೆಲ್ಲ ತೂಗಿ ನಾನು ತೆಗೆದುಕೊಂಡದ್ದು ಸ್ವಿಟ್ಜರ್ಲೆಂಡಿನ ವಿಕ್ಟೊರಿನಾಕ್ಸ್ ಕಂಪನಿಯ ಕೆಡೆಟ್ ಅನ್ನುವ ಚಾಕು, ಅಲ್ಯೂಮಿನಿಯಂ ಹಿಡಿಯದ್ದು. 84 ಮಿ.ಮೀ. ಉದ್ದ, 46 ಗ್ರಾಂ. ಅಲಗಿನ ಜೊತೆ ಉಗುರಿನ ಅರ, ಡಬ್ಬಿ ತೆರೆಯುವುದು, ಬಾಟಲಿ ಮುಚ್ಚಳ ತೆಗೆಯುವುದು ಇವೆ. ಬೆಳ್ಳಿ ಬಣ್ಣದ ಹಿಡಿಯ ಮೇಲೆ ಸಣ್ಣ ಸಣ್ಣ ಉಬ್ಬು. ಸ್ವಿಸ್ ಸೈನಿಕರ ಚಾಕುವಿಗೆ 1961ರಲ್ಲಿ ಬಂದದ್ದೂ ಅಲ್ಯೂಮಿನಿಯಂ ಹಿಡಿಯೇ. ಊದುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ, ಬೆವರಿದ ಕೈಯಲ್ಲೂ ಜಾರುವುದಿಲ್ಲ. ಇನ್ನೂ ಚಿಕ್ಕದು ಬೇಕೆಂದರೆ ಅದೇ ಮನೆಯ 58 ಮಿ.ಮೀ. ಕ್ಲಾಸಿಕ್ ಇದೆ, ಅದರಲ್ಲಿ ಪುಟ್ಟ ಕತ್ತರಿಯೂ ಉಂಟು. ನನ್ನ ಕೈಗೆ ಅದು ಸಣ್ಣದಾಯಿತು.

ಕವಳದ, ಅಂದರೆ ಎಲೆ-ಅಡಿಕೆಯ, ವಿಷಯ ಒಂದು ಹೇಳಿಬಿಡುತ್ತೇನೆ. ಚಾಕು ಜೇಬಿನಲ್ಲಿದೆ ಅಂತ ಒಣಗಿ ಗಟ್ಟಿಯಾದ ಚಾಲಿ ಅಡಿಕೆ ಒಡೆಯಲು ಅದನ್ನು ತೆಗೆಯಬೇಡಿ. ತೆಳು ಅಲಗಿನ ಬಾಯಿ ಹಕ್ಕಳೆ ಏಳುತ್ತದೆ. ಅದಕ್ಕೆ ಅಡಕತ್ತರಿಯೇ ಆಗಬೇಕು.

ಎಣ್ಣೆ ಹಾಕುವಾಗ ಕೊಬ್ಬರಿ ಎಣ್ಣೆ ಬೇಡ. 24 ಡಿಗ್ರಿಗಿಂತ ತಂಪಾದರೆ ಅದು ಗಟ್ಟಿಯಾಗುತ್ತದೆ, ನಮ್ಮ ಪುಷ್ಯದ ಬೆಳಗಿನಲ್ಲಿ ಅಲಗು ತಿರುಗುವುದೇ ಕಷ್ಟ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಂದು ಹನಿ ಕೀಲಿಗೆ ಬಿಡಿ, ಹಣ್ಣು ಕೊಯ್ದರೂ ತೊಂದರೆ ಇಲ್ಲ. ಹರಿತ ಮಾಡಲು ನುಣುಪಾದ ಮಸೆಗಲ್ಲು ಸಾಕು. ಕಲ್ಲಿಗೂ ಅಲಗಿಗೂ ನಡುವೆ 15ರಿಂದ 20 ಡಿಗ್ರಿ ಇರಲಿ, ಎರಡೂ ಬದಿ ಸಮನಾಗಿ ಮಸೆಯಿರಿ. ತಿರುಗುವ ಸಾಣೆಗೆ ಕೊಟ್ಟರೆ ಕಿಡಿ ಹಾರುವ ಬಿಸಿಗೆ ತೆಳು ಅಲಗಿನ ಹದವೇ ಹೋಗುತ್ತದೆ.

ಬೇರೆಯವರು ಕೇಳಿದರೆ ಮಡಚಿಯೇ ಕೊಡಿ. ಹಿರಿಯರಾದರೆ ಚಾಕು ಕೈಯಿಂದ ಕೈಗೆ ತೆಗೆದುಕೊಳ್ಳುವುದಿಲ್ಲ, ಅವರ ಮುಂದೆ ಇಟ್ಟುಬಿಡಿ. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು, ನಮ್ಮದು ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಂತ ತಪಾಸಣೆ ಇರುವ ಕಡೆಗೆಲ್ಲ ಒಯ್ಯುವಂತಿಲ್ಲ. ಕೋರ್ಟಿಗೆ ಹೋಗುವ ದಿನ ಮನೆಯಲ್ಲೇ ಬಿಡುತ್ತೇನೆ. ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ವಿಮಾನ ಹತ್ತುವುದಿದ್ದರೆ, ಹಿಂದಿನ ರಾತ್ರಿಯೇ ಚೆಕ್-ಇನ್ ಬ್ಯಾಗಿಗೆ ಹಾಕಿಡುತ್ತೇನೆ.