16 ವರ್ಷ ತಡವಾಗಿ ಬಂದ ‘ರಾಕಿ’ಯನ್ನು ಹಳೆಯ ಅಭಿಮಾನಿಗಳೊಡನೆ ಕುಳಿತು ನೋಡುವ ಬಗೆ

ಬಹುಕಾಲದಿಂದ ಮೆಚ್ಚಿಕೊಂಡು ಬಂದ ಚಿತ್ರಮಾಲಿಕೆಗೆ ತೀರ ತಡವಾಗಿ ಇನ್ನೊಂದು ಭಾಗ ಸೇರಿದಾಗ, ಅಭಿಮಾನಿ ಆಡುವ ಮಾತಿನಲ್ಲಿ ಚಿತ್ರಕ್ಕೆ ಸಂಬಂಧಿಸಿದ್ದು ಎಷ್ಟು, ಅವನದೇ ವಯಸ್ಸಿಗೆ ಸಂಬಂಧಿಸಿದ್ದು ಎಷ್ಟು ಎಂದು ಬಿಡಿಸಿ ನೋಡುವುದು ಕಷ್ಟ. ರಾಕಿ ಎಂಬ ಬಾಕ್ಸರ್‌ನ ಕಥೆ ಹೇಳುವ ಹಾಲಿವುಡ್ ಮಾಲಿಕೆಗೆ ಸೇರಿದ, ಸಿಲ್ವೆಸ್ಟರ್ ಸ್ಟಲೋನ್ ಬರೆದು, ನಿರ್ದೇಶಿಸಿ, ನಟಿಸಿದ ‘ರಾಕಿ ಬಾಲ್ಬೋವಾ’ ಅಂಥ ಚಿತ್ರ. ಮಾಲಿಕೆಯ ಐದನೆಯ ಭಾಗ ಬಂದದ್ದು 1990ರಲ್ಲಿ, ಈ ಆರನೆಯದು ಅಮೆರಿಕದಲ್ಲಿ ತೆರೆ ಕಂಡದ್ದು 2006ರ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಸ್ಟಲೋನ್‌ಗೆ 60 ತುಂಬಿತ್ತು. ಬಸವನಗುಡಿಯ ನಮ್ಮ ಮನೆಯ ಹಜಾರದಲ್ಲಿ ಇದನ್ನು ಬೇರೆ ಬೇರೆ ಗುಂಪುಗಳಿಗೆ ನಾಲ್ಕು ಸಲ ತೋರಿಸಿದ್ದೇನೆ. ಮೊದಲ ಎರಡು ಸಲ ಚಿತ್ರ ಮುಗಿದ ಮೇಲೆ ಕೇಳಿಬಂದದ್ದು ಚಿತ್ರದ ಮಾತಲ್ಲ, ‘ನಮ್ಮ ಕಾಲದಲ್ಲಿ’ ಎಂದು ಶುರುವಾಗುವ ಭಾಷಣಗಳು. ಉಳಿದೆರಡು ಸಲ ಮಾತು ಚಿತ್ರದ ಮೇಲೆಯೇ ನಿಂತಿತು. ಆ ವ್ಯತ್ಯಾಸಕ್ಕೆ ಕಾರಣವಾದ ಸಿದ್ಧತೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾರನ್ನು ಕರೆಯಬೇಕು ಎಂಬುದನ್ನು ಯೋಚಿಸಿ. ಆರರಿಂದ ಎಂಟು ಜನ ಸಾಕು. ಎಲ್ಲರೂ ಒಂದೇ ವಯಸ್ಸಿನವರಾದರೆ ಎಲ್ಲರ ಅಭಿಪ್ರಾಯವೂ ಒಂದೇ ಆಗಿರುತ್ತದೆ. ಬ್ರಿಗೇಡ್ ರಸ್ತೆಯ ರೆಕ್ಸ್, ಎಂ.ಜಿ. ರಸ್ತೆಯ ಪ್ಲಾಜಾಗಳಲ್ಲಿ ಇಂಗ್ಲಿಷ್ ಚಿತ್ರ ನೋಡಿ ಬೆಳೆದವರು ಇಬ್ಬರಿರಲಿ. ಆ ಎರಡು ಚಿತ್ರಮಂದಿರಗಳೂ ಈಗ ಇಲ್ಲವಾದ್ದರಿಂದ ಅವರ ನೆನಪಿನಲ್ಲಿ ಚಿತ್ರದ ಜೊತೆಗೆ ಊರೂ ಬೆರೆತಿರುತ್ತದೆ ಎಂಬುದನ್ನು ಮುಂಚೆಯೇ ಲೆಕ್ಕಕ್ಕೆ ಹಿಡಿಯಿರಿ. ಅದೇ ಕಥೆಯನ್ನು ಮುಂದುವರಿಸಿದ 2015ರ ‘ಕ್ರೀಡ್’ ಚಿತ್ರದ ಮೂಲಕ ಮಾತ್ರ ರಾಕಿಯನ್ನು ಬಲ್ಲ ಇಬ್ಬರು ಹುಡುಗ ಹುಡುಗಿಯರಿರಲಿ. ಸಾಧ್ಯವಾದರೆ ಒಮ್ಮೆಯಾದರೂ ಗ್ಲೌಸ್ ತೊಟ್ಟು ರಿಂಗಿಗೆ ಇಳಿದವರೊಬ್ಬರನ್ನು ಕರೆಯಿರಿ. ಅವರು ಹೆಚ್ಚು ಮಾತನಾಡುವುದಿಲ್ಲ, ಆದರೆ ಅವರು ಎಲ್ಲಿ ಮುಂದಕ್ಕೆ ಬಾಗಿ ಕೂರುತ್ತಾರೆ ಎಂಬುದನ್ನು ಗಮನಿಸಿದರೆ ಸಾಕು.

ಕರೆಯುವಾಗಲೇ ಪ್ರತಿಯೊಬ್ಬರಿಗೂ ಒಂದು ಸಣ್ಣ ಕೆಲಸ ಕೊಡಿ: 1976ರ ಮೊದಲ ‘ರಾಕಿ’ ಹೇಗೆ ಮುಗಿಯುತ್ತದೆ ಎಂದು, ಚಿತ್ರವನ್ನು ಮತ್ತೆ ನೋಡದೆ, ನಾಲ್ಕು ಸಾಲಿನಲ್ಲಿ ಬರೆದು ಕಳಿಸಲಿ. ಇದನ್ನು ಪರೀಕ್ಷೆ ಎಂದುಕೊಳ್ಳಬಾರದು, ಆದರೆ ಇದನ್ನು ಬಿಟ್ಟರೆ ಉಳಿದ ಸಿದ್ಧತೆಯೆಲ್ಲ ವ್ಯರ್ಥ. ನಮ್ಮ ಬೀದಿಯಲ್ಲೇ ಇರುವ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಬರೆಯಲು ಒಪ್ಪದೆ ಮನೆಗೇ ಬಂದು, “ಬರೆಯೋದೇನು ಬಂತು ಮಾರಾಯ, ರಾಕಿ ಗೆಲ್ತಾನೆ, ನಾನು ಕಣ್ಣಾರೆ ನೋಡಿದೀನಿ” ಎಂದರು. ವಾಸ್ತವದಲ್ಲಿ ರಾಕಿ ಗೆಲ್ಲುವುದಿಲ್ಲ. 15 ಸುತ್ತುಗಳ ನಂತರ ತೀರ್ಪುಗಾರರ ಒಡಕು ತೀರ್ಪಿನಲ್ಲಿ, ಅಂದರೆ ಮೂವರಲ್ಲಿ ಇಬ್ಬರ ಮತದಿಂದ, ಚಾಂಪಿಯನ್ ಅಪೋಲೊ ಕ್ರೀಡ್ ಗೆಲ್ಲುತ್ತಾನೆ. ರಾಕಿ ಆ ತೀರ್ಪಿನ ಕಡೆ ಕಿವಿಯನ್ನೂ ಕೊಡದೆ ತನ್ನ ಪ್ರೇಯಸಿ ಏಡ್ರಿಯನ್‌ಳ ಹೆಸರು ಹಿಡಿದು ಕೂಗುತ್ತಿರುತ್ತಾನೆ. ಅವನು ಗೆಲ್ಲುವುದು 1979ರ ಎರಡನೆಯ ಭಾಗದಲ್ಲಿ. ಎರಡು ಚಿತ್ರಗಳು ನೆನಪಿನಲ್ಲಿ ಒಂದಾಗಿಬಿಡುವುದು ಸಹಜ, ಆ ಹಿರಿಯರೊಬ್ಬರೇ ಅಲ್ಲ, ಎಂಟರಲ್ಲಿ ಮೂವರು ಹಾಗೆಯೇ ಬರೆದಿದ್ದರು. ಆದರೆ ಈ ಮಾಲಿಕೆ ಗೆಲುವಿನ ಕಥೆ ಎಂದು ನಂಬಿ ಕುಳಿತವರಿಗೆ ಆರನೆಯ ಚಿತ್ರ ಮೋಸದಂತೆ ಕಾಣುತ್ತದೆ, ಕೊನೆಯ ಗಂಟೆ ಹೊಡೆಯುವವರೆಗೂ ನಿಂತಿರುವವನ ಕಥೆ ಎಂದು ತಿಳಿದವರಿಗೆ ಅದೇ ಚಿತ್ರ ಮನೆಗೆ ಮರಳಿದಂತೆ ಕಾಣುತ್ತದೆ. ಜಗಳದ ಅರ್ಧ ಭಾಗ ಇಲ್ಲೇ ಇತ್ಯರ್ಥವಾಗುತ್ತದೆ.

ಆದ್ದರಿಂದ ಒಂದು ವಾರ ಮುಂಚೆ ಮೊದಲ ಚಿತ್ರವನ್ನು ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ನೋಡಿಕೊಳ್ಳಲಿ. ಜಾನ್ ಜಿ. ಎವಿಲ್ಡ್‌ಸನ್ ನಿರ್ದೇಶನದ, ಸುಮಾರು 10 ಲಕ್ಷ ಡಾಲರಿನಲ್ಲಿ ತಯಾರಾಗಿ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದ ಆ ಚಿತ್ರ ಇಂದು ನೋಡಿದರೆ ಎಷ್ಟು ಮೆಲ್ಲಗೆ ನಡೆಯುತ್ತದೆ, ಎಷ್ಟು ಬಡತನದ ಬಣ್ಣದಲ್ಲಿದೆ ಎಂದು ಹಳಬರಿಗೇ ಆಶ್ಚರ್ಯವಾಗುತ್ತದೆ. 1975ರ ಮಾರ್ಚಿನಲ್ಲಿ ಮಹಮ್ಮದ್ ಅಲಿಯ ಎದುರು ಚಕ್ ವೆಪ್ನರ್ ಎಂಬ ಅಷ್ಟೇನೂ ಹೆಸರಿಲ್ಲದ ಬಾಕ್ಸರ್ 15ನೆಯ ಸುತ್ತಿನವರೆಗೂ ಉಳಿದು, ಇನ್ನು 19 ಸೆಕೆಂಡು ಇರುವಾಗ ಸೋತದ್ದು ಆ ಕಥೆಗೆ ಪ್ರೇರಣೆ ಎಂಬುದನ್ನು ಹೊಸಬರಿಗೆ ಹೇಳಿಡಿ. ಐದನೆಯ ಭಾಗದಿಂದ ಮೊದಲ ಅರ್ಧ ಗಂಟೆ ಸಾಕು. ರಾಕಿಯ ಮಿದುಳಿಗೆ ಪೆಟ್ಟಾಗಿದೆ, ಇನ್ನು ಅವನು ರಿಂಗಿಗೆ ಇಳಿಯಬಾರದು ಎಂದು ವೈದ್ಯರು ಹೇಳುವುದು, ಹಣವೆಲ್ಲ ಕರಗಿ ಅವನು ಹಳೆಯ ಕೇರಿಗೆ ವಾಪಸಾಗುವುದು, ಈ ಎರಡು ವಿಷಯಗಳು ಮುಂದಿನ ವಾದಕ್ಕೆ ಬೇಕಾಗುತ್ತವೆ. ಕಡೆಗೆ ಬೀದಿ ಜಗಳದಲ್ಲಿ ಮುಗಿಯುವ ಆ ಚಿತ್ರ ಬಹಳ ಮಂದಿಗೆ ರುಚಿಸಲಿಲ್ಲ, ಸ್ಟಲೋನ್‌ಗೂ ಅದರ ಬಗ್ಗೆ ಸಮಾಧಾನವಿರಲಿಲ್ಲ. ಮೂರು ಮತ್ತು ನಾಲ್ಕನೆಯ ಭಾಗಗಳನ್ನು ಆ ವಾರ ಮುಟ್ಟಬೇಡಿ. ಅವು ಕೆಟ್ಟ ಚಿತ್ರಗಳೆಂದಲ್ಲ, ನಾಲ್ಕನೆಯದನ್ನು ನಾನೇ ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಆದರೆ ಆ ಅಬ್ಬರ ಕಿವಿಯಲ್ಲಿ ಉಳಿದಿದ್ದರೆ ಆರನೆಯ ಚಿತ್ರದ ಮೊದಲ ಒಂದು ಗಂಟೆ ನೀರಸವೆನಿಸುವುದು ಖಂಡಿತ.

ಅಂದು ಸಂಜೆ ಆರೂವರೆಗೆ ಶುರು ಮಾಡಿ. ಚಿತ್ರದ ಅವಧಿ 1 ಗಂಟೆ 42 ನಿಮಿಷ; ಮಾತಿಗೆ ಒಂದೂವರೆ ಗಂಟೆ ಇಟ್ಟುಕೊಂಡರೂ ದೂರದವರು ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹಿಡಿದು ಮನೆ ಸೇರಬಹುದು. ಮಳೆಗಾಲವಾದರೆ ಯುಪಿಎಸ್‌ಗೆ ಟಿ.ವಿ. ಮತ್ತು ಸ್ಪೀಕರ್ ಎರಡನ್ನೂ ಜೋಡಿಸಿದ್ದೀರಾ ಎಂದು ಮಧ್ಯಾಹ್ನವೇ ನೋಡಿಕೊಳ್ಳಿ. ಎರಡನೆಯ ಸಲ ನಮ್ಮಲ್ಲಿ ಕೊನೆಯ ಸುತ್ತಿನ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ, ಕತ್ತಲಲ್ಲಿ ಕುಳಿತ ಎಂಟು ಜನರೂ ತಮಗೆ ಬೇಕಾದ ಮುಕ್ತಾಯವನ್ನು ತಾವೇ ಕಟ್ಟಿಕೊಂಡಿದ್ದರು. ಉಪಶೀರ್ಷಿಕೆ ಇರಲಿ, ಏಕೆಂದರೆ ರಾಕಿಯ ಮಾತು ಬಾಯೊಳಗೇ ಉಳಿಯುತ್ತದೆ. ಚುರುಮುರಿ, ಕೋಡುಬಳೆಗಳನ್ನು ಚಿತ್ರಕ್ಕೆ ಮುಂಚೆ ಮುಗಿಸಿಬಿಡಿ. ಸ್ಮಶಾನದ ದೃಶ್ಯದ ಮೌನದಲ್ಲಿ ಕೋಡುಬಳೆ ಕಡಿಯುವ ಸದ್ದು ಎಷ್ಟು ದೊಡ್ಡದೆಂದು ಅನುಭವದಿಂದ ಬಲ್ಲೆ.

ಆ ಮೊದಲ ಒಂದು ಗಂಟೆಯಲ್ಲಿ ಹೊಡೆದಾಟ ಇಲ್ಲವೆನ್ನುವಷ್ಟು ಕಡಿಮೆ ಎಂದು ಹೊಸಬರಿಗೆ ಮುಂಚಿತವಾಗಿ ತಿಳಿಸಿ, ಹಳಬರಿಗೆ ಏನನ್ನೂ ತಿಳಿಸಬೇಡಿ. ರಾಕಿಯ ಹೆಂಡತಿ ಏಡ್ರಿಯನ್ ತೀರಿಕೊಂಡಿದ್ದಾಳೆ. ಅವಳ ಸಮಾಧಿಯ ಬಳಿ ಕೂರಲು ಬೇಕಾದ ಮಡಚುವ ಕುರ್ಚಿಯನ್ನು ರಾಕಿ ಅಲ್ಲಿಯೇ ಮರದ ಕೊಂಬೆಗಳ ನಡುವೆ ಇಟ್ಟುಕೊಂಡಿದ್ದಾನೆ. ಅವನು ಎಷ್ಟು ಸಲ ಬರುತ್ತಾನೆಂದು ಹೇಳಲು ಚಿತ್ರ ಒಂದು ಮಾತನ್ನೂ ಖರ್ಚು ಮಾಡುವುದಿಲ್ಲ, ಆ ಕುರ್ಚಿಯೇ ಹೇಳುತ್ತದೆ. ಅವಳ ಹೆಸರಿನದೇ ಒಂದು ಹೋಟೆಲು ನಡೆಸುತ್ತ, ಊಟಕ್ಕೆ ಬಂದವರ ಮೇಜಿನ ಬಳಿ ನಿಂತು ಹಳೆಯ ಪಂದ್ಯಗಳ ಕಥೆ ಹೇಳುವುದು ಅವನ ದಿನಚರಿಯಾಗಿದೆ. ಮೊದಲ ಚಿತ್ರದ ಆರಂಭದಲ್ಲಿ ಅವನಿಂದ ಪೆಟ್ಟು ತಿಂದ ಸ್ಪೈಡರ್ ರಿಕೊ ಈಗ ಆ ಹೋಟೆಲಿನಲ್ಲಿ ಉಣ್ಣುತ್ತಾನೆ, ಪಾತ್ರೆ ತೊಳೆಯುತ್ತಾನೆ. ಅದೇ ಚಿತ್ರದಲ್ಲಿ ಬುದ್ಧಿ ಹೇಳಲು ಹೋದ ರಾಕಿಯನ್ನು ಬೈದು ಬಾಗಿಲು ಸೇರಿದ್ದ ಮರೀ ಎಂಬ ಹುಡುಗಿ ಈಗ ನಡುವಯಸ್ಸಿನ ತಾಯಿ. ವಾರದ ಹಿಂದೆ ಮೊದಲ ಚಿತ್ರ ನೋಡಿದ್ದವರು ಇವರನ್ನು ತಾವಾಗಿಯೇ ಗುರುತಿಸುತ್ತಾರೆ. ಗುರುತಿಸದವರಿಗೆ ನಡುವೆ ಪಿಸುಗುಟ್ಟಿ ತೋರಿಸಬೇಡಿ.

ಅಭಿಮಾನಿಗಳು ಹೆಚ್ಚಾಗಿ ಮೆಚ್ಚುವುದು ರಾಕಿ ತನ್ನ ಮಗನಿಗೆ ಬೀದಿಯಲ್ಲಿ ನಿಂತು ಹೇಳುವ, ಪೆಟ್ಟು ತಿಂದೂ ಮುಂದೆ ಸಾಗುವ ಕುರಿತ ಮಾತನ್ನು. ಅದು ಚೆನ್ನಾಗಿದೆ, ಆದರೆ ತಾನು ಚೆನ್ನಾಗಿದ್ದೇನೆಂದು ಆ ಮಾತಿಗೇ ಗೊತ್ತಿದೆ. ನನ್ನನ್ನು ಕೇಳಿದರೆ, ಮಾಂಸದ ಕಾರ್ಖಾನೆಯಲ್ಲಿ ಭಾವಮೈದುನ ಪಾಲಿಯ ಮುಂದೆ ರಾಕಿ ತನ್ನೊಳಗೆ ಇನ್ನೂ ಏನೋ ಉಳಿದುಬಿಟ್ಟಿದೆ ಎಂದು ಹೇಳಲಾಗದೆ ಒದ್ದಾಡುವ ದೃಶ್ಯ ಅದಕ್ಕಿಂತ ಮೇಲು. ಅದಕ್ಕೂ ಮೇಲು, ತರಬೇತುದಾರ ಡ್ಯೂಕ್ ಅವನ ದೇಹದ ಲೆಕ್ಕ ಒಪ್ಪಿಸುವ ಗಳಿಗೆ: ವೇಗ ಉಳಿದಿಲ್ಲ, ಮಂಡಿಗಳು ಓಡಲು ಬಿಡುವುದಿಲ್ಲ, ಕೀಲುಗಳಲ್ಲಿ ಸುಣ್ಣ ಕಟ್ಟಿದೆ, ಆದ್ದರಿಂದ ಉಳಿದಿರುವ ಒಂದೇ ದಾರಿ ಭಾರವಾದ ಗುದ್ದು. ಇಲ್ಲದ್ದನ್ನೆಲ್ಲ ಎಣಿಸಿದ ಮೇಲೆ ಉಳಿದದ್ದರಿಂದ ತರಬೇತಿ ಆರಂಭವಾಗುತ್ತದೆ. ಮೂರನೆಯ ಸಲ ತೋರಿಸುವಾಗ, ಆ ಬ್ಯಾಂಕಿನ ಹಿರಿಯರು ಈ ದೃಶ್ಯದಲ್ಲಿ ತಮ್ಮ ಬಲಮಂಡಿಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು. ಕೈ ಇಟ್ಟದ್ದು ಅವರಿಗೇ ಗೊತ್ತಿರಲಿಲ್ಲ. ಇಂಥದನ್ನು ಗಮನಿಸಿ ಮನಸ್ಸಿನಲ್ಲೇ ಇಟ್ಟುಕೊಳ್ಳಿ, ಎಲ್ಲರ ಮುಂದೆ ಎತ್ತಿ ಆಡಬೇಡಿ.

ರಾಕಿ ಮತ್ತೆ ರಿಂಗಿಗೆ ಇಳಿದು ಈಗಿನ ಚಾಂಪಿಯನ್‌ನೊಡನೆ ಸೆಣಸುವ ಕೊನೆಯ ಪಂದ್ಯಕ್ಕೆ ಬಂದರೆ ಎರಡು ವಿಷಯ ತಿಳಿದಿರಬೇಕು. ಎದುರಾಳಿ ಮೇಸನ್ ಡಿಕ್ಸನ್ ಪಾತ್ರದ ಆಂಟೊನಿಯೊ ಟಾರ್ವರ್ ನಿಜಜೀವನದಲ್ಲೂ ಲೈಟ್ ಹೆವಿವೇಟ್ ಎಂಬ ತೂಕವರ್ಗದ ಚಾಂಪಿಯನ್ ಆಗಿದ್ದವನು. ಲಾಸ್ ವೇಗಸ್‌ನ ಜನಸಂದಣಿಯ ದೃಶ್ಯಗಳನ್ನು 2005ರ ಡಿಸೆಂಬರಿನಲ್ಲಿ ಅಲ್ಲಿ ನಡೆದ ನಿಜವಾದ ಪಂದ್ಯವೊಂದರ ಪ್ರೇಕ್ಷಕರ ನಡುವೆಯೇ ಚಿತ್ರಿಸಲಾಯಿತು. ಟಿ.ವಿ. ನೇರಪ್ರಸಾರದಂತೆ ಕಾಣುವ ಈ ಪಂದ್ಯ ಹಿಂದಿನ ಭಾಗಗಳ ಅಬ್ಬರಕ್ಕಿಂತ ಬೇರೆಯಾಗಿರುವುದು ಬೇಕೆಂದೇ ಮಾಡಿದ್ದು. ಅಂಕದ ಲೆಕ್ಕವನ್ನೂ ಎರಡು ಮಾತಿನಲ್ಲಿ ಹೇಳಿಬಿಡಿ: ಮೂವರು ತೀರ್ಪುಗಾರರು ಪ್ರತಿ ಸುತ್ತಿನಲ್ಲಿ ಮೇಲುಗೈ ಸಾಧಿಸಿದವನಿಗೆ 10, ಇನ್ನೊಬ್ಬನಿಗೆ ಸಾಮಾನ್ಯವಾಗಿ 9 ಅಂಕ ಕೊಡುತ್ತಾರೆ, ಒಮ್ಮೆ ನೆಲಕ್ಕೆ ಬಿದ್ದರೆ 8ಕ್ಕೆ ಇಳಿಯುವುದು ರೂಢಿ, ಮೂವರಲ್ಲಿ ಇಬ್ಬರು ಒಬ್ಬನನ್ನೂ ಮೂರನೆಯವರು ಇನ್ನೊಬ್ಬನನ್ನೂ ಆರಿಸಿದರೆ ಅದು ಒಡಕು ತೀರ್ಪು.

ಚಿತ್ರ ಮುಗಿದ ಕೂಡಲೇ ಟಿ.ವಿ. ಆರಿಸಬೇಡಿ. ಹೆಸರುಗಳು ಸರಿಯುವಾಗ ಫಿಲಡೆಲ್ಫಿಯಾ ವಸ್ತುಸಂಗ್ರಹಾಲಯದ 72 ಮೆಟ್ಟಿಲುಗಳನ್ನು ಸಾಮಾನ್ಯ ಜನ, ಮಕ್ಕಳು ಮುದುಕರೆನ್ನದೆ, ಓಡಿ ಹತ್ತಿ ರಾಕಿಯಂತೆ ಕೈ ಎತ್ತುವುದನ್ನು ತೋರಿಸುತ್ತಾರೆ. ಅಭಿಮಾನಿಗಳನ್ನು ದೇವರೆಂದು ಕರೆದ ರಾಜ್‌ಕುಮಾರ್ ಅವರ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆಮೇಲೆ ಕಾಫಿ ಕೊಟ್ಟು ಮಾತಿಗೆ ಕೂರಿಸಿ. ಮೊದಲು ಕಿರಿಯರು ಮಾತನಾಡಲಿ. ಹಿರಿಯರು ಮೊದಲಾದರೆ ಕಿರಿಯರು ಬರೀ ತಲೆದೂಗುತ್ತಾರೆ. ಬರುವ ಆಕ್ಷೇಪಗಳು ಬಹುಮಟ್ಟಿಗೆ ಇಂಥವೇ. ಆ ವಯಸ್ಸಿನವನು ಚಾಂಪಿಯನ್‌ನೊಡನೆ ಸೆಣಸುವುದು ನಂಬುವಂತಿಲ್ಲ ಎನ್ನುವುದು ಒಂದು. ಇದಕ್ಕೆ ಉತ್ತರ ಅರ್ಧ ಮಾತ್ರ ಇದೆ: ಜಾರ್ಜ್ ಫೋರ್‌ಮನ್ 1974ರಲ್ಲಿ ಅಲಿಗೆ ಸೋತು ಕಳೆದುಕೊಂಡ ಹೆವಿವೇಟ್ ಪಟ್ಟವನ್ನು 1994ರ ನವೆಂಬರಿನಲ್ಲಿ, 45ನೆಯ ವಯಸ್ಸಿನಲ್ಲಿ, ಮೈಕೆಲ್ ಮೂರರ್‌ನನ್ನು ಹತ್ತನೆಯ ಸುತ್ತಿನಲ್ಲಿ ಉರುಳಿಸಿ ಮರಳಿ ಪಡೆದ. ಆದರೆ 45 ಬೇರೆ, 60ರ ಸಮೀಪ ಬೇರೆ. ಚಿತ್ರಕ್ಕೂ ಅದು ಗೊತ್ತಿರುವುದರಿಂದಲೇ ಪಂದ್ಯವನ್ನು ಪಟ್ಟಕ್ಕಲ್ಲದೆ 10 ಸುತ್ತಿನ ಪ್ರದರ್ಶನಕ್ಕೆ ಇಳಿಸಿದೆ, ಎದುರಾಳಿಯ ಕೈಯನ್ನು ಎರಡನೆಯ ಸುತ್ತಿನಲ್ಲೇ ಮುರಿದಿದೆ. ಈ ಎರಡನೆಯದು ಸ್ವಲ್ಪ ಅನುಕೂಲಶಾಸ್ತ್ರವೆಂದು ಒಪ್ಪಿಕೊಂಡರೆ ಮಾತು ಮುಂದೆ ಹೋಗುತ್ತದೆ. ಹರೆಯದ ರಾಕಿಗೂ ಈಗಿನ ಚಾಂಪಿಯನ್‌ಗೂ ನಡುವೆ ಕಂಪ್ಯೂಟರ್ ನಡೆಸಿದ ಕಾಲ್ಪನಿಕ ಪಂದ್ಯದಿಂದ ಕಥೆ ಹೊರಡುವುದು ಬಾಲಿಶ ಎನ್ನುವವರಿಗೆ, 1970ರಲ್ಲಿ ನಿಜಜೀವನದ ಮಾಜಿ ಚಾಂಪಿಯನ್ ರಾಕಿ ಮಾರ್ಸಿಯಾನೊ ಮತ್ತು ಅಲಿ ನಡುವೆ ಕಂಪ್ಯೂಟರ್ ಲೆಕ್ಕದ ಪಂದ್ಯವೊಂದನ್ನು ನಿಜಕ್ಕೂ ಚಿತ್ರಿಸಿ ತೋರಿಸಿದ್ದರೆಂದೂ, ತೆರೆಗೆ ಬರುವ ಮುನ್ನವೇ ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರೆಂದೂ ಹೇಳಿ. ಐದನೆಯ ಭಾಗದ ಮಿದುಳಿನ ಪೆಟ್ಟು ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಸಮರ್ಥನೆ ಹುಡುಕಬೇಡಿ, ಅದು ನ್ಯಾಯವಾದ ದೂರು. ಹಣ ಕಳೆದುಕೊಂಡದ್ದನ್ನು ಉಳಿಸಿಕೊಂಡು ಪೆಟ್ಟನ್ನು ಮಾತ್ರ ಕೈಬಿಟ್ಟಿದ್ದಾರೆ. ಏಡ್ರಿಯನ್‌ಳನ್ನು ಸಾಯಿಸಬಾರದಿತ್ತು ಎನ್ನುವವರ ಜೊತೆ ವಾದವೇ ಬೇಡ. ನಮ್ಮಲ್ಲಿ ಹಾಗೆಂದವರೊಬ್ಬರು ಹಿಂದಿನ ವರ್ಷವಷ್ಟೇ ಪತ್ನಿಯನ್ನು ಕಳೆದುಕೊಂಡಿದ್ದರು. ಇನ್ನೊಂದು ಲೋಟ ಕಾಫಿ ಕೊಟ್ಟೆ, ಅಷ್ಟೆ.

ಕೊನೆಯಲ್ಲಿ ಒಂದು ಕೆಲಸ ಉಳಿದಿರುತ್ತದೆ, ಅದಕ್ಕೆ ಡಿವಿಡಿ ಬೇಕು. ತೆರೆ ಕಂಡ ಚಿತ್ರದಲ್ಲಿ ರಾಕಿ ಮತ್ತೆ ಒಡಕು ತೀರ್ಪಿನಲ್ಲಿ ಸೋಲುತ್ತಾನೆ, ತೀರ್ಪು ಓದುತ್ತಿರುವಾಗಲೇ ಜನರ ನಡುವೆ ಕೈ ಬೀಸುತ್ತ ಹೊರನಡೆಯುತ್ತಾನೆ. ಅವನು ಗೆಲ್ಲುವ ಇನ್ನೊಂದು ಮುಕ್ತಾಯವನ್ನೂ ಚಿತ್ರಿಸಿದ್ದರು, ಡಿವಿಡಿಯಲ್ಲಿ ಅದಿದೆ. ಅದನ್ನು ತೋರಿಸುವ ಮುನ್ನ, ಯಾವುದು ಇರಬೇಕಿತ್ತು ಎಂದು ಎಲ್ಲರಿಂದಲೂ ಚೀಟಿಯಲ್ಲಿ ಬರೆಸಿಕೊಳ್ಳಿ. ತೋರಿಸಿದ ಮೇಲೆ ಇನ್ನೊಮ್ಮೆ ಬರೆಸಿ. ನಾಲ್ಕನೆಯ ಸಲ ಮೊದಲ ಸುತ್ತಿನಲ್ಲಿ ಗೆಲುವಿಗೆ ಐದು, ಸೋಲಿಗೆ ಮೂರು ಚೀಟಿ ಬಂದವು. ಗೆಲ್ಲುವ ಮುಕ್ತಾಯ ನೋಡಿದ ಮೇಲೆ ಗೆಲುವಿಗೆ ಉಳಿದದ್ದು ಒಂದೇ, ಅದನ್ನು ಬರೆದವನು ನನ್ನ ಅಕ್ಕನ ಮಗ. “ಮಾವ, ಅವನು ಒಂದ್ಸಲನಾದ್ರೂ ಸುಮ್ನೆ ಗೆಲ್ಲಬಾರದಾ?” ಎಂದು ಕೇಳಿದ. ಬ್ಯಾಂಕಿನ ಹಿರಿಯರು ಚೀಟಿಗಳನ್ನು ಎಣಿಸುತ್ತಿದ್ದವರು ತಲೆಯೆತ್ತಿ, “ಎರಡನೇ ಭಾಗದಲ್ಲಿ ಗೆದ್ದಿದಾನಲ್ಲೋ, ನೋಡಿಲ್ವಾ?” ಎಂದರು.