ದಸರಾ ಹೊತ್ತಿಗೇ ಗಾಳಕ್ಕೆ ಕಾಣೆ ಮೀನು: ಕೆಮ್ಮಣ್ಣು ಹೊಳೆಯಲ್ಲಿ ನನ್ನ ಅನುಭವ

ಹೋದ ದಸರಾಕ್ಕೆ, ಆಯುಧಪೂಜೆಯ ಮರುದಿನ ಬೆಳಿಗ್ಗೆ, ಉಡುಪಿಯ ಕೆಮ್ಮಣ್ಣಿನ ಹತ್ತಿರ ಸ್ವರ್ಣಾ ಹೊಳೆಯಲ್ಲಿ ನನಗೆ 23 ಕಾಣೆ ಮೀನು ಸಿಕ್ಕಿತು. ಬಲೆಗೆ ಅಲ್ಲ, ಗಾಳಕ್ಕೆ. ಹೊಳೆಯಲ್ಲಿ ಗಾಳ ಹಾಕುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ಆ ಹೊತ್ತಿಗೆ ನೀರು ಇನ್ನೂ ಕೆಂಪಗೆ ಇರುತ್ತದೆ, ಮೇಲಿನಿಂದ ಸಿಹಿನೀರು ಬರುತ್ತಲೇ ಇರುತ್ತದೆ, ಸಂಜೆಯಾದರೆ ಗುಡುಗಿನ ಮಳೆ ಬೇರೆ. ನನ್ನ ಜೊತೆಯವರು ಯಾರೂ ದೀಪಾವಳಿ ಕಳೆದು ಹದಿನೈದು ದಿನ ಆಗದೆ ಗಾಳದ ರಾಡು ಹೊರಗೆ ತೆಗೆಯುವುದಿಲ್ಲ.

ನನ್ನ ಸೋದರಮಾವನ ಮನೆ ಅಲ್ಲೇ ಕುದ್ರುವಿನಲ್ಲಿ, ಅಂದರೆ ಹೊಳೆ ನಡುವಿನ ದ್ವೀಪದಲ್ಲಿ. ನಲವತ್ತು ವರ್ಷ ಬಲೆ ಬಿಟ್ಟವರು. ಮೊದಲ ವರ್ಷ ನಾನು ಸೆಪ್ಟೆಂಬರ್ ಕೊನೆಗೆ ರಾಡು ಹಿಡಿದುಕೊಂಡು ಹೋದಾಗ, "ನಿನಗೆಂಥ ಮರ್ಲಾ ಮಾರಾಯ? ಸಿಹಿನೀರಿಗೆ ಕಾಣೆ ಬರುತ್ತದಾ? ನೀರು ಬಾಯಿಗೆ ಹಾಕಿ ನೋಡು" ಅಂದರು. ಹಾಕಿ ನೋಡಿದೆ. ಸಪ್ಪೆ. ಅವರ ಮಾತು ಸರಿ ಅನ್ನಿಸಿತು. ಆದರೂ ಆ ವರ್ಷ ಏಳೆಂಟು ಬೆಳಿಗ್ಗೆ ಹೋದೆ, ಸಿಕ್ಕಿದ್ದು ಎರಡು ಮೀಸೆ ಮೀನು. ಅದರಲ್ಲಿ ಒಂದು ಹೆಬ್ಬೆರಳಿಗೆ ಮುಳ್ಳು ಚುಚ್ಚಿ, ಎರಡು ದಿನ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿಯಲು ಆಗಲಿಲ್ಲ. ನನ್ನದು ಮೋಟಾರ್ ವೈಂಡಿಂಗ್ ಅಂಗಡಿ, ಕೈ ಹೋದರೆ ಸಂಪಾದನೆಯೂ ಹೋದ ಹಾಗೆ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ, ನೆನಪಿನಿಂದ. ಮೊದಲ ಎರಡು ವರ್ಷಕ್ಕೆ ಹನ್ನೆರಡು ಸಾವಿರದ ಮೇಲೆ ಹೋಗಿದೆ. ಮೊದಲ ರಾಡು ದಪ್ಪದ್ದು, ಸುಮಾರು 2,800 ಕೊಟ್ಟದ್ದು, ಕಾಣೆಗೆ ಏನೂ ಪ್ರಯೋಜನ ಇಲ್ಲ. ಅದು ಮುಟ್ಟಿದ್ದು ಕೈಗೆ ಗೊತ್ತೇ ಆಗುವುದಿಲ್ಲ. ಆಮೇಲೆ ರಬ್ಬರ್ ಹುಳಗಳು, ಎರಡು ಸಾವಿರದ ಹತ್ತಿರ, ಪೂರ್ತಿ ದಂಡ. ಹೊಟ್ಟೆ ಉಬ್ಬಿಸುವ ಮೀನು ಉಂಟಲ್ಲ, ಅದು ಅರ್ಧರ್ಧ ಕಚ್ಚಿ ತಿಂದು ಮುಗಿಸಿತು, ಗಾಳದ ದಾರವನ್ನೂ ಕತ್ತರಿಸಿತು. ಒಂದು ಮೊಬೈಲ್ ಹೊಳೆಗೆ ಹೋಯಿತು, ಆ ಕತೆ ಮುಂದೆ ಹೇಳುತ್ತೇನೆ. ಕೊನೆಗೆ ಕೆಲಸಕ್ಕೆ ಬಂದದ್ದು 1,400 ರೂಪಾಯಿಯ ಏಳಡಿ ತೆಳು ರಾಡು, ಸಣ್ಣ ರೀಲು, ಆರು ಪೌಂಡ್ ಭಾರ ತಡೆಯುವ ದಾರ, 10 ನಂಬರಿನ ಸಣ್ಣ ಗಾಳ. ಕಾಣೆಯ ಬಾಯಿ ಸಣ್ಣದು. ಇದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ದೊಡ್ಡ ಗಾಳವನ್ನೇ ಕಟ್ಟುತ್ತಾರೆ.

ದಾರಿ ಸಿಕ್ಕಿದ್ದು ಎರಡನೇ ವರ್ಷ, ಅದೂ ಸಿಗಡಿ ಕೆರೆಯ ಪಂಪ್ ರಿಪೇರಿಗೆ ಹೋದಾಗ. ಹೊಳೆಯಿಂದ ನೀರು ಎಳೆಯುವ ಪಂಪು. ಅದರ ಪೈಪಿನ ಬಾಯನ್ನು ತಳದ ಹತ್ತಿರ ಇಳಿಸಿದ್ದರು. ಯಾಕೆ ಅಷ್ಟು ಕೆಳಗೆ ಅಂತ ಕೇಳಿದೆ. "ಮೇಲೆ ಸಿಹಿ, ಕೆಳಗೆ ಉಪ್ಪು ಅಲ್ವಾ? ಮಳೆ ಹೋದ ಮೇಲೆ ಮೊದಲು ಉಪ್ಪು ಬರುವುದು ಅಡಿಯಿಂದಲೇ" ಅಂದರು ಅಲ್ಲಿಯವರು. ಉಪ್ಪುನೀರು ಭಾರ. ಹೊಳೆ ಸಮುದ್ರ ಸೇರುವ ಅಳಿವೆಯಿಂದ ಭರತದ (ಸಮುದ್ರದ ಉಬ್ಬರದ) ಜೊತೆ ಒಳಗೆ ಬರುವಾಗ ಅದು ಸಿಹಿನೀರಿನ ಅಡಿಗೆ ನುಗ್ಗಿ ತಳ ಹಿಡಿದುಕೊಂಡು ಬರುತ್ತದೆ. ಕಾಣೆ ಇರುವುದೂ ತಳದಲ್ಲೇ, ಮರಳಿನ ಮೇಲೆ. ಹಾಗಾದರೆ ನಾವು ಮೇಲಿನ ನೀರು ಬಾಯಿಗೆ ಹಾಕಿ ನೋಡಿ ಪ್ರಯೋಜನ ಏನು?

ಮನೆಗೆ ಬಂದು ಒಂದು ಗಾಜಿನ ಬಾಟಲಿ ತೆಗೆದುಕೊಂಡೆ. ಕುತ್ತಿಗೆಗೆ ಹಗ್ಗ, ಅಡಿಗೆ ಅರ್ಧ ಕಿಲೋ ಸೀಸ. ಬಾಯಿಗೆ ಬೂಚು, ಬೂಚಿಗೆ ಇನ್ನೊಂದು ಸಪುರ ಹಗ್ಗ. ಬಾಟಲಿ ತಳಕ್ಕೆ ಇಳಿಸಿ ಬೂಚಿನ ಹಗ್ಗ ಜಗ್ಗಿದರೆ ಬುಳುಬುಳು ಅಂತ ಗುಳ್ಳೆ ಮೇಲೆ ಬರುತ್ತದೆ. ಗುಳ್ಳೆ ನಿಂತ ಕೂಡಲೇ ಎಳೆದುಕೊಳ್ಳಬೇಕು. ಮಾವನ ದೋಣಿಯಲ್ಲಿ ಕೂತು, ತೂಗುಸೇತುವೆಯಿಂದ ಸ್ವಲ್ಪ ಕೆಳಗೆ, ಮೊದಲ ಸಲ ಮಾಡಿದೆ. ಮೇಲಿನ ನೀರು ಬೊಗಸೆಯಲ್ಲಿ ತೆಗೆದು ಕುಡಿದರೆ ಸಪ್ಪೆ. ಬಾಟಲಿಯ ನೀರು ನಾಲಿಗೆಗೆ ತಾಗಿದ್ದೇ ಮುಖ ಕಿವುಚಿತು, ಸಮುದ್ರದ್ದೇ ನೀರು. ಎಂಟು ಅಡಿಯ ಅಂತರ ಅಷ್ಟೇ! ಮಾವನಿಗೆ ಬಾಟಲಿ ಕೊಟ್ಟೆ. ಒಂದು ಗುಟುಕು ಹಾಕಿ ಉಗುಳಿದರು, ಮತ್ತೊಂದು ಹಾಕಿದರು, ಏನೂ ಮಾತಾಡಲಿಲ್ಲ. ಆಮೇಲೆ ಸಿಗಡಿ ಕೆರೆಯವರ ಉಪ್ಪು ಅಳೆಯುವ ಮೀಟರ್ ಕೇಳಿ ತಂದು ನೋಡಿದೆ. ಲೀಟರಿಗೆ ಎಷ್ಟು ಗ್ರಾಂ ಉಪ್ಪು ಅನ್ನುವ ಲೆಕ್ಕದಲ್ಲಿ ಮೇಲೆ 3-4, ಕೆಳಗೆ 22ರ ಮೇಲೆ. ಸಮುದ್ರದಲ್ಲಿ 35ರ ಹತ್ತಿರ ಇರುತ್ತದೆ. ಮೀಟರ್ ಇಲ್ಲದಿದ್ದರೂ ನಡೆಯುತ್ತದೆ, ನಾಲಿಗೆ ಸಾಕು.

ಆದರೆ ಉಪ್ಪು ಸಿಕ್ಕಿತು ಅಂತ ಮೀನು ಸಿಗಲಿಲ್ಲ. ಆ ವರ್ಷವೂ ಸೋತೆ. ಕಾರಣ, ನಾನು ಎಲ್ಲರ ಹಾಗೆ ಹುಣ್ಣಿಮೆ, ಅಮಾವಾಸ್ಯೆ ನೋಡಿಕೊಂಡು ಹೋಗುತ್ತಿದ್ದೆ. ದೊಡ್ಡ ಭರತ, ಜಾಸ್ತಿ ಉಪ್ಪು, ಜಾಸ್ತಿ ಮೀನು ಅಂತ ಲೆಕ್ಕ. ಬೇಸಿಗೆಗೆ ಆ ಲೆಕ್ಕ ಸರಿ. ಮಳೆ ಮುಗಿದ ಹೊಸತರಲ್ಲಿ ದೊಡ್ಡ ಭರತ ಬಂದರೆ ಹೊಳೆ ಪೂರ್ತಿ ಕಲಕಿ, ಮೇಲಿನದ್ದು ಕೆಳಗಿನದ್ದು ಒಂದಾಗಿ, ಕೆಸರೆದ್ದು ಬಿಡುತ್ತದೆ. ಸೆಳೆತಕ್ಕೆ ದಾರದ ಸಣ್ಣ ಸೀಸದ ಗುಂಡು ನಿಲ್ಲುವುದೂ ಇಲ್ಲ, ದೊಡ್ಡದು ಹಾಕಿದರೆ ಕಾಣೆ ಹೆದರುತ್ತದೆ. ಮೂರನೇ ವರ್ಷ ಅಷ್ಟಮಿ, ನವಮಿಯ ಸಣ್ಣ ಭರತಕ್ಕೆ ಹೋದೆ. ಸೆಳೆತ ಕಡಿಮೆ, ಎರಡು ನೀರು ಬೇರೆಬೇರೆಯಾಗಿ ನಿಂತಿರುತ್ತದೆ, ತಳ ತಿಳಿಯಾಗಿರುತ್ತದೆ. ಇನ್ನೊಂದು ಅನುಕೂಲ, ಹುಣ್ಣಿಮೆಗೆ ಭರತ ತುಂಬುವುದು ಮಧ್ಯಾಹ್ನದ ಹತ್ತಿರ, ಅಷ್ಟಮಿ ನವಮಿಗೆ ಬೆಳಕು ಹರಿಯುವ ಹೊತ್ತಿಗೆ. ದಿನಕ್ಕೆ ಐವತ್ತು ನಿಮಿಷದ ಹಾಗೆ ಮುಂದೆ ಹೋಗುತ್ತದಲ್ಲ, ಆ ಲೆಕ್ಕ. ದಸರಾ ಬರುವುದೇ ನವಮಿ ದಶಮಿಗೆ. ಅಂಗಡಿಗೂ ರಜೆ. ಆಯುಧಪೂಜೆಗೆ ವೈಂಡಿಂಗ್ ಮೆಷಿನ್ ಪಕ್ಕ ರಾಡಿಗೂ ಕುಂಕುಮ ಇಟ್ಟಿದ್ದೆ.

ಐದು ಗಂಟೆಗೆ ಹೋಗಿ ಮೊದಲು ಬಾಟಲಿ ಇಳಿಸಿದೆ. ಒಳ್ಳೆ ಉಪ್ಪು. ಗಾಳಕ್ಕೆ ಸಿಕ್ಕಿಸುವ ಇರೆ ಮರುವಾಯಿಯ (ಚಿಪ್ಪಿನ) ಮಾಂಸ, ಹೆಸರುಕಾಳಿನಷ್ಟು ದೊಡ್ಡ ತುಂಡು ಅಷ್ಟೇ. ಹಿಂದಿನ ರಾತ್ರಿ ಕಲ್ಲುಪ್ಪು ಹಾಕಿ ಇಟ್ಟರೆ ಗಟ್ಟಿಯಾಗುತ್ತದೆ, ಗಾಳದಿಂದ ಜಾರುವುದಿಲ್ಲ. ಉಪ್ಪಿನ ಜೊತೆ ಇನ್ನೊಂದು ಅಡುಗೆಮನೆಯ ಸಾಮಾನು ಹಾಕುತ್ತೇನೆ, ಅದನ್ನು ಕಂಡುಹಿಡಿಯಲು ನನಗೆ ಒಂದೂವರೆ ವರ್ಷ ಹಿಡಿದಿದೆ, ಅದು ನನ್ನ ಹತ್ತಿರವೇ ಇರಲಿ. ಎಸೆದು ಸುಮ್ನೆ ಬಿಡಬಾರದು. ಒಂದು ಗೇಣು ಎಳೆಯುವುದು, ನಿಲ್ಲಿಸುವುದು, ಮತ್ತೆ ಒಂದು ಗೇಣು. ಗುಂಡು ಮರಳಿನಲ್ಲಿ ಗೀರಿಕೊಂಡು ಬರುವಾಗ ಸಣ್ಣಗೆ ಹೊಗೆಯ ಹಾಗೆ ಮರಳು ಏಳುತ್ತದೆ, ಏಡಿಯೋ ಹುಳವೋ ಓಡಿತು ಅಂತ ಕಾಣೆ ಹಿಂದೆ ಬರುತ್ತದೆ. ಆಮೇಲೆ ಟಕ್, ಟಕ್. ಮೊದಲ ಟಕ್ಕಿಗೆ ಎಳೆದರೆ ಹೋಯಿತು. ಎರಡನೆಯದಕ್ಕೂ ಎಳೆಯಬೇಡಿ, ರಾಡಿನ ತುದಿಯನ್ನು ಅರ್ಧ ಅಡಿ ಅದರ ಕಡೆಗೆ ಬಿಟ್ಟುಕೊಡಿ. ದಾರ ತಾನಾಗಿ ಬಿಗಿಯಾಗುತ್ತದೆ. ಆಗ ಸುತ್ತಿ.

ಮೊದಲ ಕಾಣೆ ಐದೂವರೆಗೆ ಬಂತು. ಹೆಡ್‌ಲೈಟಿನ ಬೆಳಕಿಗೆ ಬೆಳ್ಳಿ ಗೆರೆ ಮಿಂಚಿದಾಗ ನನಗೆ ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ಏಳೂವರೆಗೆ ಇಳಿತ ಶುರುವಾದದ್ದೇ ಟಪ್ಪಂತ ನಿಂತಿತು. 23ರಲ್ಲಿ ಬೆರಳುದ್ದದ ನಾಲ್ಕೈದನ್ನು ಬಿಟ್ಟೆ. ಉಳಿದದ್ದು ಒಂದೂಮುಕ್ಕಾಲು ಕಿಲೋ ಇರಬಹುದು, ಅತಿ ದೊಡ್ಡದು ಗೇಣಿಗಿಂತ ಉದ್ದ. ಆ ವಾರ ಪೇಟೆಯಲ್ಲಿ ಕಾಣೆ ಕಿಲೋಗೆ 700ರ ಹತ್ತಿರ ಇತ್ತು. ಒಂದು ಕಿಲೋ ಪರಿಚಯದ ಹೋಟೆಲಿನವರು 650ಕ್ಕೆ ತೆಗೆದುಕೊಂಡರು. ಉಳಿದದ್ದು ಮಾವನ ಮನೆಯಲ್ಲೇ ರವೆ ಹಾಕಿ ಕಾಯಿಸಿದ್ದು. ಮಾವ ನಾಲ್ಕು ತಿಂದು, "ಬಲೆಯ ಕಾಣೆಗಿಂತ ಇದು ರುಚಿ, ಪೆಟ್ಟಾಗಿಲ್ಲ ನೋಡು" ಅಂದರು. ಆ ಮಾತಿಗೆ ನಾನು ಮೂರು ವರ್ಷ ಕಾದಿದ್ದೆ.

ಆಮೇಲೆ ಅಕ್ಟೋಬರ್‌ನಲ್ಲೇ ಇನ್ನೂ ಆರು ಬೆಳಿಗ್ಗೆ ಹೋದೆ. ನಾಲ್ಕು ಸಲ ಹತ್ತರ ಮೇಲೆ ಸಿಕ್ಕಿತು. ಒಂದು ಸಲ ಮೂರೇ. ಹಿಂದಿನ ಸಂಜೆ ಘಟ್ಟದ ಕಡೆ ಜೋರು ಮಳೆ ಬಿದ್ದಿತ್ತು. ಇನ್ನೊಂದು ಸಲ ಬಾಟಲಿಯಲ್ಲೂ ಸಪ್ಪೆ ನೀರೇ ಬಂತು, ಗಾಳ ಹಾಕದೆ ವಾಪಸ್ ಬಂದೆ. ಬಾಟಲಿ ಇಲ್ಲದಿದ್ದರೆ ಆ ಬೆಳಿಗ್ಗೆ ಪೂರ್ತಿ ದಂಡ.

ನಡುವೆ ಬೇರೆ ಪ್ರಯೋಗವೂ ಮಾಡಿದೆ. ಗಾಳದ ಮೇಲೆ ಕೆಂಪು ಮಣಿ ಕಟ್ಟಿದರೆ ಜಾಸ್ತಿ ಬರುತ್ತದೆ ಅನ್ನುತ್ತಾರೆ. ಮಣಿ ಇರುವ ದಾರ, ಇಲ್ಲದ ದಾರ ಎರಡನ್ನೂ ಸಾಲಾಗಿ ಮೂರು ದಿನ ಹಾಕಿದೆ. ಕೆಂಪು ನೀರಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ನವೆಂಬರ್ ಕೊನೆಗೆ ನೀರು ತಿಳಿಯಾದ ಮೇಲೆ ಮಣಿಯದ್ದೇ ಮುಂದೆ. ಮಣಿ ಇಲ್ಲದ ದಿನ ವೈಂಡಿಂಗಿನ ಸಪುರ ತಾಮ್ರದ ತಂತಿಯನ್ನು ಗಾಳದ ಕುತ್ತಿಗೆಗೆ ಏಳೆಂಟು ಸುತ್ತು ಸುತ್ತಿದೆ, ಅದೂ ನಡೆಯಿತು. ರಾತ್ರಿ ಸೇತುವೆಯ ಕಂಬದ ಬುಡಕ್ಕೆ ಜೀವಂತ ಸಿಗಡಿ ಇಳಿಸಿ ಕೆಂಬೇರಿ ಅನ್ನುವ ದೊಡ್ಡ ಮೀನಿಗೆ ಕೂತದ್ದೂ ಉಂಟು. ಎರಡು ಸಲ ಹಿಡಿಯಿತು, ಎರಡು ಸಲವೂ ಕಂಬಕ್ಕೆ ಸುತ್ತಿ ದಾರ ಕಡಿಯಿತು. ಅದಕ್ಕೆ ಬೇರೆಯೇ ಸಾಮಾನು ಬೇಕು.

ಮೊಬೈಲ್ ಕತೆ ಹೇಳುತ್ತೇನೆ ಅಂದಿದ್ದೆ. ಇದನ್ನು ಮಾತ್ರ ಯಾರೂ ಹಗುರಾಗಿ ತೆಗೆದುಕೊಳ್ಳಬೇಡಿ. ಒಂದು ಮಳೆಗಾಲದಲ್ಲಿ ಹೊಳೆ ತನ್ನ ತಳವನ್ನೇ ಬದಲಿಸಿರುತ್ತದೆ. ಮೇ ತಿಂಗಳಲ್ಲಿ ಮೊಣಕಾಲು ನೀರಿದ್ದ ಮರಳ ದಿಬ್ಬ ಅಂತ ನಂಬಿ ನಡೆದೆ, ಎರಡನೇ ಹೆಜ್ಜೆಗೆ ಅಂಚು ಕುಸಿದು ಎದೆಮಟ್ಟ ಇಳಿದೆ. ಹೊಳೆ ಎಳೆಯುತ್ತಿತ್ತು. ಹಿಂದಿದ್ದ ಮಾವನ ಮಗ ರಾಡು ಚಾಚಿ ಎಳೆದುಕೊಂಡ. ಅಕ್ಟೋಬರ್‌ನಲ್ಲಿ ನೀರಿಗೆ ಇಳಿಯುವುದಾದರೆ ಉದ್ದದ ಬಿದಿರು ಚುಚ್ಚಿ ನೋಡಿಕೊಂಡೇ ಇಳಿಯಿರಿ, ಕಾಲು ಎತ್ತಿ ಇಡಬೇಡಿ, ಎಳೆದುಕೊಂಡು ನಡೆಯಿರಿ, ತಳದಲ್ಲಿ ತೊರಕೆ (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು) ಮಲಗಿರುತ್ತದೆ. ಒಬ್ಬರೇ ಹೋಗಬೇಡಿ. ನಾನು ಈಗ ದಡ ಅಥವಾ ದೋಣಿ, ಎರಡೇ.

ಜಾಗ ಯಾವುದು ಅಂತ ಕೇಳುವವರಿಗೆ ಒಂದಿಷ್ಟು ಹೇಳುತ್ತೇನೆ. ಹೊಳೆ ತಿರುಗುವ ಕಡೆ, ಆಳದ ಗುಂಡಿ ಮುಗಿದು ಮರಳು ಏರುವ ಅಂಚು ನೋಡಿ. ಉಪ್ಪುನೀರು ಗುಂಡಿಯಲ್ಲಿ ತುಂಬಿ ಆ ಅಂಚಿನವರೆಗೆ ಏರಿರುತ್ತದೆ, ಕಾಣೆ ಅಲ್ಲಿ ಮೇಯುತ್ತದೆ. ಕೆಮ್ಮಣ್ಣಿನಿಂದ ಹೊಳೆ ಸಮುದ್ರ ಸೇರುವ ಕೋಡಿಬೆಂಗ್ರೆಯವರೆಗೆ ಅಂಥ ಅಂಚು ನನಗೆ ಗೊತ್ತಿರುವುದು ಐದು. ಬಾಟಲಿ ಮಾಡಿಕೊಳ್ಳಿ, ನೀವೇ ಹುಡುಕಿ. ಈ ವರ್ಷ ನಾನು ಚೌತಿ ಕಳೆದ ಮೇಲಿನ ಅಷ್ಟಮಿಗೇ ಬಾಟಲಿ ಇಳಿಸಿ ನೋಡುವವನಿದ್ದೇನೆ, ಮಾವ ದೋಣಿಗೆ ಈಗಲೇ ಎಣ್ಣೆ ಹಚ್ಚುತ್ತಿದ್ದಾರೆ.